ಮೊದಲ ದಿನವೇ ಕೇಳಿದ ಬೊಮ್ಮಮ್ಮ

ಕೋಗಳಿಯ ಬೊಮ್ಮಮ್ಮನ ಹೆಸರು ಕಿವಿಗೆ ಬಿದ್ದರೆ ಈಗಲೂ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನೆನಪು. ಸಿಟ್ಟು ಅವಳ ಮೇಲಲ್ಲ. ಎಲ್ಲರಿಗಿಂತ ಮೊದಲು ಬೀಜ ಕೇಳಲು ಬಂದವಳನ್ನು, ಮೊದಲು ಬಂದಳೆಂಬ ಒಂದೇ ಕಾರಣಕ್ಕೆ ಅಲೆಸಿದರಲ್ಲ, ಅವರ ಮೇಲೆ. ಅಲೆಸಿದವರಲ್ಲಿ ಒಂದು ಯಂತ್ರವೂ ಸೇರಿತ್ತು. ಯಂತ್ರದ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನನ್ನ ಗಂಡ ನಗುತ್ತಾನೆ. ನಗಲಿ ಬಿಡಿ. ಅವನು ಆ ಕಿಟಕಿಯ ಮುಂದೆ ನಿಂತವನಲ್ಲ.

ನಾನು ಗಾಳೆಮ್ಮ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವಳು. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಕೊಟ್ಟೂರಿನ ಶೇಂಗಾ ಬೆಳೆಗಾರರ ಸಂಘದಲ್ಲಿ ಟೈಪಿಸ್ಟ್ ಆಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ರೈತರು ಆ ಸಂಘದ ಸದಸ್ಯರು. ಮುಂಗಾರಿನ ಹೊತ್ತಿಗೆ ಸದಸ್ಯರಿಗೆ ಬಿತ್ತನೆ ಶೇಂಗಾ ಕೊಡುವುದು ಸಂಘದ ದೊಡ್ಡ ಕೆಲಸ. ಆ ಒಂದು ತಿಂಗಳು ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಬೊಮ್ಮಮ್ಮ ಆ ಅಂಗಳಕ್ಕೆ ಹೊಸಬಳೇನಲ್ಲ. ಗಂಡ ಪಾಲಯ್ಯ ಬದುಕಿದ್ದಾಗಲೂ ಬೀಜಕ್ಕೆ ಬರುತ್ತಿದ್ದವಳು ಅವಳೇ. ಪಾಲಯ್ಯ ವರ್ಷದ ಮುಕ್ಕಾಲು ಪಾಲು ಕುರಿ ಹಿಂಡಿನ ಹಿಂದೆ ಇರುವ ಮನುಷ್ಯ. ಹೊಲ ಅವನ ಹೆಸರಿನಲ್ಲಿತ್ತು ಅಷ್ಟೆ, ಬೇಸಾಯ ಎಲ್ಲ ಇವಳದೇ. ಕರಿಯ ಗಟ್ಟಿ ಮೈ, ಎಲೆ ಅಡಿಕೆಯಿಂದ ಸದಾ ಕೆಂಪಾಗಿರುವ ಬಾಯಿ, ಮೈಲಿ ದೂರಕ್ಕೆ ಕೇಳುವ ಗಂಟಲು. ಬಸ್ಸು ಹೊರಟಿದ್ದರೂ ರಸ್ತೆಯ ಆ ತುದಿಯಿಂದ ಒಂದು ಕೂಗು ಹಾಕಿದರೆ ಡ್ರೈವರ್ ಬ್ರೇಕ್ ಒತ್ತುತ್ತಿದ್ದ. ಗೋದಾಮಿಗೆ ಬಂದರೆ ಚೀಲದ ಬಾಯಿ ಬಿಚ್ಚಿಸಿ, ಒಂದು ಕಾಯಿ ಒಡೆದು, ಕಾಳನ್ನು ಹಲ್ಲಿನಲ್ಲಿ ಕಡಿಯುವಳು. ಟಕ್ಕೆಂದರೆ ಒಳ್ಳೆಯ ಬೀಜ. ಮೆತ್ತಗೆ ಮುರಿದರೆ ಆ ಚೀಲ ವಾಪಸ್. ಹಮಾಲರು ಅವಳನ್ನು ಕಂಡರೆ, “ಬಂದ್ಳಪ್ಪಾ ಇನಿಸ್ಪೆಟ್ಟರ್ರು” ಎಂದು ರೇಗಿಸುತ್ತಿದ್ದರು. ಅವಳೂ ಸುಮ್ಮನಿರುತ್ತಿರಲಿಲ್ಲ, “ನಿಮ್ಮ ಮದಿವಿ ಹೆಣ್ಣನ್ನೂ ನಾನ ಕಡದು ನೋಡಿ ಆರಿಸಬೇಕಿತ್ತು ಲೇ” ಎನ್ನುತ್ತಿದ್ದಳು.

ನಾನು ಹೇಳಹೊರಟ ವರ್ಷ ಶಿವರಾತ್ರಿ ಕಳೆದ ಮೇಲೆ ಪಾಲಯ್ಯ ತೀರಿಕೊಂಡ. ಅವನ ಕಾಯಿಲೆಯ ಗದ್ದಲದಲ್ಲಿ ಮನೆಯಲ್ಲಿಟ್ಟಿದ್ದ ಬೀಜ ಸೋರುವ ಮೂಲೆಯಲ್ಲೇ ಉಳಿದು ಬೂಷ್ಟು ಹಿಡಿದಿತ್ತು. ಆದ್ದರಿಂದ ಸಂಘದ ಬೀಜ ಸಿಕ್ಕರೆ ಬಿತ್ತನೆ, ಇಲ್ಲದಿದ್ದರೆ ಹೊಲ ಬೀಳು. ಅವಳದು ಮಸಾರಿ ಹೊಲ. ಕೆಂಪು ಮಣ್ಣು ಮಳೆ ಕುಡಿದಷ್ಟೇ ಬೇಗ ಒಣಗುತ್ತದೆ. ಹದ ಇರುವ ನಾಲ್ಕು ದಿನ ಬಿಟ್ಟುಕೊಟ್ಟರೆ ಕೂರಿಗೆ ಹೂಡಿ ಪ್ರಯೋಜನವಿಲ್ಲ. ಇದು ಸಂಘದಲ್ಲಿ ಕುರ್ಚಿ ಹಾಕಿಕೊಂಡು ಕೂತ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಮಾಡಿದರು ಎಂಬುದಕ್ಕೇ ನನ್ನ ಹೊಟ್ಟೆ ಉರಿಯುವುದು.

ಇನ್ನು ಆ ಯಂತ್ರದ ವಿಷಯ. ಪಾಲಯ್ಯ ಸಾಯುವ ಹಿಂದಿನ ವರ್ಷ ಸಂಘಕ್ಕೆ ಕಂಪ್ಯೂಟರ್ ಬಂದಿತ್ತು. ಒಂದಲ್ಲ, ಎರಡು. ಹಿಂದಿನ ಕೋಣೆಯಲ್ಲಿ ನನ್ನ ಎದುರು ದೊಡ್ಡದು, ಮುಂದಿನ ಕೋಣೆಯ ಕಿಟಕಿಯಲ್ಲಿ ಗುಮಾಸ್ತ ನಾಗೇಂದ್ರಪ್ಪನ ಎದುರು ಚಿಕ್ಕದು. ಗೋಡೆಯಲ್ಲಿ ತೂತು ಕೊರೆದು ಎರಡಕ್ಕೂ ಒಂದು ತಂತಿ ಎಳೆದಿದ್ದರು. ಸದಸ್ಯರ ಫೈಲುಗಳೆಲ್ಲ ದೊಡ್ಡ ಯಂತ್ರದಲ್ಲಿ, ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಹುಡುಕಲು ಒಂದು ದಾರಿ: ಮೊದಲು ತಾಲ್ಲೂಕು, ಅದರೊಳಗೆ ಊರು, ಊರೊಳಗೆ ಸದಸ್ಯರ ನಂಬರು. ಯಾರದೋ ಮನೆಗೆ ಊರು, ಓಣಿ ಕೇಳಿಕೊಂಡು ಹೋಗುತ್ತೇವಲ್ಲ, ಹಾಗೆ. ನಾಗೇಂದ್ರಪ್ಪ ಕಿಟಕಿಯಲ್ಲಿ ನಂಬರು ಒತ್ತಿದರೆ ಚಿಕ್ಕ ಯಂತ್ರ ತಂತಿಯ ಮೂಲಕ ದೊಡ್ಡದನ್ನು ಕೇಳುತ್ತಿತ್ತು. ಫೈಲು ಇದ್ದರೆ ಚೀಟಿ ಅಚ್ಚಾಗುತ್ತಿತ್ತು. ಆ ಚೀಟಿ ತೋರಿಸಿದರೆ ಮಾತ್ರ ಗೋದಾಮಿನಲ್ಲಿ ಬೀಜ.

ಮೊದಲ ವರ್ಷ ಆ ಯಂತ್ರಗಳ ಪಾಡು ಹೇಳತೀರದು. ಕೊಟ್ಟೂರಿನಲ್ಲಿ ಆಗ ಕರೆಂಟು ನೆಂಟರಂತೆ ಬಂದು ಹೋಗುತ್ತಿತ್ತು. ಪ್ರತಿ ಸಲ ಹೋದಾಗಲೂ ಅಂಗಳದ ಜನವೆಲ್ಲ “ಹೋತು!” ಎಂದು ಕೂಗುವುದು, ಬಂದಾಗ ಮತ್ತೆ ಯಂತ್ರ ಎಬ್ಬಿಸುವುದು, ಇದೇ ಆಯಿತು. ಅದಕ್ಕೆ ಎರಡನೆಯ ವರ್ಷ ಕಾರ್ಯದರ್ಶಿ ಪಾಲಾಕ್ಷಪ್ಪ ಹಟ ಹಿಡಿದು ಒಂದು ಕೋಣೆ ತುಂಬ ಬ್ಯಾಟರಿ ಹಾಕಿಸಿದ. ಬ್ಯಾಟರಿಗಳಿಗೆ ಪೂಜೆ ಆಯಿತು, ಕಾಯಿ ಒಡೆದರು, ಮಂಡಕ್ಕಿ ಹಂಚಿದರು. ಯಂತ್ರವನ್ನು ಸುಮ್ಮಸುಮ್ಮನೆ ಆರಿಸಬೇಡಿ ಎಂದು ಕಂಪನಿಯ ಎಂಜಿನಿಯರ್ ಹೇಳಿ ಹೋಗಿದ್ದ. ಪಾಲಾಕ್ಷಪ್ಪ ಅದನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೇರಿಸಿದ.

“ಇದು ನಂದಾದೀಪ ಇದ್ದಂಗ. ಹಚ್ಚಿದ ಮ್ಯಾಲ ಆರಸಂಗಿಲ್ಲ” ಎಂದ.

ಅಂದಿನಿಂದ ಕಿಟಕಿಯ ಯಂತ್ರಕ್ಕೆ ದಿನಾ ಬೆಳಿಗ್ಗೆ ಕುಂಕುಮ, ಒಂದು ಹೂವು. ರಾತ್ರಿ ಬೀಗ ಹಾಕಿದರೂ ಅದು ಒಳಗೆ ಉರಿಯುತ್ತಲೇ ಇರುತ್ತಿತ್ತು. ಊರಿಗೆ ಬಂದ ಅಧಿಕಾರಿಗಳನ್ನೆಲ್ಲ ಕರೆತಂದು, “ಬ್ಯಾಟರಿ ಹಾಕಿಸಿದಾಗಿಂದ ಒಂದು ಸಲಾನೂ ಆರಿಲ್ರಿ” ಎಂದು ಪಾಲಾಕ್ಷಪ್ಪ ಎದೆಯುಬ್ಬಿಸುತ್ತಿದ್ದ. ಯಂತ್ರ ಎಷ್ಟು ಜನಕ್ಕೆ ಬೀಜ ಕೊಡಿಸಿತು ಎಂದು ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬೀಜ ಹಂಚುವ ಮೊದಲ ದಿನ ಕಿಟಕಿ ತೆರೆಯುವ ಮೊದಲೇ ಬೊಮ್ಮಮ್ಮ ಅಲ್ಲಿ ನಿಂತಿದ್ದಳು. ಪಾಲಯ್ಯನ ಸದಸ್ಯತ್ವವನ್ನು ಅವಳ ಹೆಸರಿಗೆ ಮಾಡಿ ಹೊಸ ನಂಬರು ಕೊಟ್ಟಾಗಿತ್ತು. ಆದರೆ ಅಂಥ ಹೊಸಬರ ಫೈಲುಗಳನ್ನು ಯಂತ್ರಕ್ಕೆ ಹಾಕುವ ಕೆಲಸ ನನ್ನ ಮೇಜಿನ ಮೇಲೆ ಇನ್ನೂ ಬಾಕಿ ಇತ್ತು. ಆ ಕಾಗದಗಳು ನನಗೆ ಬಂದದ್ದೇ ಅಂದು ಬೆಳಿಗ್ಗೆ. ನಾಗೇಂದ್ರಪ್ಪ ನಂಬರು ಒತ್ತಿ ಪರದೆ ನೋಡಿದ.

“ಇಲ್ಲ ಬೇ.”

“ಏನಿಲ್ಲಪ್ಪಾ?”

“ನಿನ್ನ ಫೈಲ್ ಇಲ್ಲ. ಇನ್ನಾ ಹಾಕಿಲ್ಲ ಕಾಣಸ್ತೈತಿ. ನಾಳಿ ಬಾ.”

ಆ ದಿನದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬೊಮ್ಮಮ್ಮನೂ ಗೊಣಗದೆ ಹೋದಳು. ಅಂದು ಮಧ್ಯಾಹ್ನ ನಾನೇ ಕೂತು ಹೊಸಬರ ಫೈಲುಗಳನ್ನೆಲ್ಲ ಹಾಕಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕು, ಕೋಗಳಿ, ಬೊಮ್ಮಮ್ಮ ಗಂಡ ಪಾಲಯ್ಯ. ಅದರ ಬೆನ್ನಿಗೇ ಅದೇ ಊರಿನ ಚೌಡಣ್ಣನದು. ಅವನು ಅಣ್ಣನಿಂದ ಪಾಲಾಗಿ ಬೇರೆ ಸದಸ್ಯನಾಗಿದ್ದ. ಎರಡನ್ನೂ ತೆರೆದು ಓದಿ, ಸರಿಯಾಗಿವೆ ಎಂದು ನೋಡಿಕೊಂಡೇ ಎದ್ದೆ.

ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಚೌಡಣ್ಣ ಹಿಂದಿನ ದಿನ ಬಂದಿರಲಿಲ್ಲ, ಯಾವುದೋ ಮದುವೆ ಊಟಕ್ಕೆ ಹೋಗಿದ್ದನಂತೆ. ಅವನ ನಂಬರು ಒತ್ತಿದ ಕೂಡಲೇ ಚೀಟಿ ಹೊರಬಂತು. ಬೊಮ್ಮಮ್ಮನ ನಂಬರು ಒತ್ತಿದರೆ, ಇಲ್ಲ.

ಅವಳು ಹಿಂದಿನ ಬಾಗಿಲಿನಿಂದ ನನ್ನ ಹತ್ತಿರ ಬಂದಳು. “ತಂಗೀ, ನನ್ನ ಹೆಸರು ಹಾಕಿಲ್ಲೇನ?”

“ಹಾಕೀನಕ್ಕಾ, ಬಾ ಇಲ್ಲಿ ನೋಡು” ಎಂದು ಪರದೆಯ ಮೇಲೆ ತೋರಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಬಗ್ಗಿ, ನಾನು ಬೆರಳಿಟ್ಟ ಜಾಗವನ್ನು ಬಹಳ ಹೊತ್ತು ನೋಡಿದಳು. ನಾನು ಎದ್ದು ಮುಂದಿನ ಕೋಣೆಗೆ ಹೋಗಿ ನಾಗೇಂದ್ರಪ್ಪನಿಗೆ ಹೇಳಿದೆ.

“ನಾಗೇಂದ್ರಪ್ಪಾರ, ಅವರ ಫೈಲ್ ಐತ್ರಿ. ನನ್ನ ಯಂತ್ರದಾಗ ಕಾಣಸ್ತೈತಿ. ಬಂದು ನೋಡ್ರಿ.”

“ನಾ ಯಾಕ ಬರ್ಲೆವ್ವಾ? ನನ್ನ ಪರದಿ ಮ್ಯಾಲ ಇಲ್ಲ ಅಂತ ಬರತೈತಿ. ಇಲ್ಲ ಅಂದ್ರ ಇಲ್ಲ.”

“ಒಂದು ಗ್ವಾಡಿ ಆಚಿಗೆ ಐತ್ರಿ. ನಾಕ ಹೆಜ್ಜಿ.”

“ಟೈಪ್ ಮಾಡದು ನಿನ್ನ ಕೆಲಸ, ಕಿಟಕಿ ನಂದು. ನೀ ಏನರ ತಪ್ಪ ಹೊಡದಿರತಿ, ಹೋಗಿ ನೋಡ್ಕ.”

ಹೋಗಿ ಮತ್ತೆ ನೋಡಿದೆ. ತಪ್ಪಿರಲಿಲ್ಲ. ಅಳಿಸಿ ಮತ್ತೆ ಹಾಕಿದೆ, ಹಿಂದಿನ ಕೋಣೆಯಲ್ಲಿ ಇತ್ತು, ಮುಂದಿನ ಕೋಣೆಯಲ್ಲಿ ಇರಲಿಲ್ಲ. ಒಂದೇ ಗೋಡೆಯ ಈ ಮಗ್ಗುಲಿಗೆ ಇರುವ ಹೆಂಗಸು ಆ ಮಗ್ಗುಲಿಗೆ ಹೇಗೆ ಇಲ್ಲದಾಗುತ್ತಾಳೆ? ನನಗೆ ತಲೆ ಕೆಟ್ಟುಹೋಯಿತು. ನಾಗೇಂದ್ರಪ್ಪನಿಗೆ ಮಾತ್ರ ಏನೂ ಕೆಡಲಿಲ್ಲ, ಎಂಟೂವರೆಯ ತಿಂಡಿ ಹತ್ತಕ್ಕೆ ಅರಗಿದವನ ಹಾಗೆ ಆರಾಮಾಗಿ ಮುಂದಿನವರನ್ನು ಕರೆದ.

ಅವಳು ಮತ್ತೆ ಬಂದಳು. ಮತ್ತೆ ಮತ್ತೆ ಬಂದಳು. ಕೋಗಳಿಯಿಂದ ಬೆಳಗಿನ ಬಸ್ಸು ಹತ್ತಿ, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಸಾಲಿನಲ್ಲಿ ನಿಂತು, ಕಿಟಕಿಗೆ ಬಂದು, ಅದೇ ನಂಬರು. ನಾಗೇಂದ್ರಪ್ಪ ಎರಡು ಬೆರಳಲ್ಲಿ ಟಕಟಕ ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿ, “ನೋಡ್ಕ ಬೇ, ನಾ ಹೇಳಾಕ ಹತ್ತಿಲ್ಲ, ಅದ ಹೇಳತೈತಿ” ಎನ್ನುವನು. ಓದು ಬಾರದವಳ ಕಡೆ ಪರದೆ ತಿರುಗಿಸುವುದು ಅವನ ದೊಡ್ಡಸ್ತಿಕೆ. ಸಾಲಿನಲ್ಲಿದ್ದವರು ನಗುತ್ತಿದ್ದರು. ಹಿಂದೆ ಇನ್‌ಸ್ಪೆಕ್ಟರ್ ಎಂದು ರೇಗಿಸುತ್ತಿದ್ದ ಹಮಾಲರು ಮಾತ್ರ ಈಗ ನಗುತ್ತಿರಲಿಲ್ಲ.

ನಡುವೆ ಮೃಗಶಿರಾ ಮಳೆ ಚೆನ್ನಾಗಿ ಹೊಡೆಯಿತು. ಐದೂ ಕಡೆ ನೆಲ ನೆನೆಯಿತು. ಬೊಮ್ಮಮ್ಮ ಅಂದು ಬಂದಾಗ ಕಾಲಿಗೆ ಕೆಂಪು ಕೆಸರು ಮೆತ್ತಿತ್ತು. ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಿಡಿ ಮಣ್ಣು ಇಟ್ಟಳು. ಮುದ್ದೆ ಕಟ್ಟಿದರೆ ನಿಲ್ಲುವಂಥ, ಒತ್ತಿದರೆ ಉದುರುವಂಥ ಮಣ್ಣು.

“ಹಿಂಗೈತಿ ನೋಡವ್ವ ಹದ. ಚೌಡಣ್ಣ ಇವತ್ತ ಕೂರಿಗಿ ಹೂಡ್ಯಾನ. ನಾನು ಎತ್ತ ಕಟ್ಟಿ ಬಂದೀನಿ” ಎಂದಳು. ಗಂಟಲು ಎಂದಿನಷ್ಟು ದೊಡ್ಡದಾಗಿರಲಿಲ್ಲ. “ನಾನೇನ ತಪ್ಪ ಮಾಡೀನಿ ಹೇಳು. ನಾನು ಮದ್ಲು ಬಂದೆ. ಮದ್ಲು ಬಂದಾಕಿಗೆ ಇಲ್ಲ, ಮದಿವಿ ಊಟ ಮಾಡಿ ಬಂದಾತಗ ಐತಿ. ಇದ್ಯಾವ ನ್ಯಾಯ?”

ಆ ಮಣ್ಣನ್ನು ಕಾಗದದಲ್ಲಿ ಎತ್ತಿಕೊಂಡು ನೇರ ಪಾಲಾಕ್ಷಪ್ಪನ ಕೋಣೆಗೆ ಹೋದೆ. ಒಂದು ಸಲಕ್ಕೆ ಕೈಬರಹದ ಚೀಟಿ ಕೊಡಿ ಎಂದೆ. ಆಗುವುದಿಲ್ಲ, ಕಂಪ್ಯೂಟರ್ ಬಂದ ಮೇಲೆ ಕೈಚೀಟಿ ನಿಷಿದ್ಧ. ಹಾಗಾದರೆ ಬೇರೊಂದು ನಂಬರು ಕೊಡಿ, ಇನ್ನೊಂದು ಫೈಲು ಮಾಡುತ್ತೇನೆ ಎಂದೆ. ಒಬ್ಬ ಸದಸ್ಯೆಗೆ ಎರಡು ನಂಬರು ಕೊಟ್ಟರೆ ಆಡಿಟ್‌ನವರು ಬಿಡುತ್ತಾರೆಯೇ? ಅದೂ ಇಲ್ಲ. ಕೊನೆಗೆ ನನ್ನ ಕಾಟ ತಾಳದೆ ಬೆಂಗಳೂರಿನ ಎಂಜಿನಿಯರ್‌ಗೆ ಟ್ರಂಕ್ ಕಾಲ್ ಹಾಕಲು ಒಪ್ಪಿದ. ಬೊಮ್ಮಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತಳು. ಕಾಲ್ ಸಿಕ್ಕಾಗ ಮಧ್ಯಾಹ್ನ ಆಗಿತ್ತು. ಫೋನನ್ನು ಪಾಲಾಕ್ಷಪ್ಪ ನನ್ನ ಕೈಗೇ ಕೊಟ್ಟ.

ಎಂಜಿನಿಯರ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. “ಆ ಫೈಲ್ ಹಾಕೋಕೆ ಮುಂಚೆ ಕಿಟಕಿಯಲ್ಲಿ ಯಾರಾದ್ರೂ ಆ ನಂಬರ್ ಕೇಳಿದ್ರಾ?”

“ಕೇಳಿದ್ರು ಸರ್. ಮೊದಲ ದಿನ, ಬೆಳಗ್ಗೆ.”

“ಹಾ, ಅದೇ ಮತ್ತೆ!” ಎಂದು ನಕ್ಕ. “ಮೇಡಂ, ಯಂತ್ರದ ಬುಡದಲ್ಲಿ ಕರ್ನಲ್ ಅಂತ ಒಂದು ಪ್ರೋಗ್ರಾಂ ಇರುತ್ತೆ. ಯಾವ ಫೈಲ್ ಎಲ್ಲಿದೆ ಅಂತ ಹುಡುಕಿ ಕೊಡೋದು ಅದೇ. ನಿಮಗೆ ಕೊಟ್ಟಿರೋದ್ರಲ್ಲಿ ಒಂದು ಹೊಸ ಅನುಕೂಲ ಮಾಡಿದ್ದಾರೆ. ಒಂದು ಫೈಲಿನ ದಾರಿ ಹುಡುಕಿ ಸಿಗಲಿಲ್ಲ ಅಂದ್ರೆ, ಸಿಗಲಿಲ್ಲ ಅನ್ನೋದನ್ನೇ ನೆನಪಿಟ್ಟುಕೊಳ್ಳುತ್ತೆ. ಮತ್ತೆ ಕೇಳಿದ್ರೆ ಹುಡುಕೋಕೆ ಹೋಗಲ್ಲ, ನೆನಪಿಂದಲೇ ಇಲ್ಲ ಅನ್ನುತ್ತೆ. ತುಂಬಾ ಟೈಮ್ ಉಳಿಯುತ್ತೆ.”

“ಸಿಕ್ಕಿದ್ದನ್ನೂ ನೆನಪಿಟ್ಟುಕೊಳ್ತದಾ ಸರ್?”

“ಇಟ್ಟುಕೊಳ್ಳುತ್ತೆ. ಆದ್ರೆ ಅದು ಇನ್ನೂ ಇದೆಯಾ ಅಂತ ಆಗಾಗ ಹಿಂದಿನ ಕೋಣೆ ಯಂತ್ರಾನ ಕೇಳಿ ಖಾತ್ರಿ ಮಾಡ್ಕೊಳ್ಳುತ್ತೆ.”

“ಮತ್ತೆ ಇಲ್ಲ ಅಂದಿದ್ದನ್ನ?”

“ಅದನ್ನ ಖಾತ್ರಿ ಮಾಡ್ಕೊಳ್ಳೋದು ಬಿಟ್ಟುಬಿಟ್ಟಿದ್ದಾರೆ. ಇಲ್ಲದ್ದಕ್ಕೆ ಪದೇ ಪದೇ ಯಾಕೆ ಕೇಳೋದು ಅಂತ. ತಪ್ಪೇ, ಸರಿ ಮಾಡ್ತಾರೆ. ತುಂಬಾ ದಿನ ಯಾರೂ ಆ ನಂಬರ್ ಕೇಳದೇ ಇದ್ರೆ ಆ ನೆನಪು ತಾನೇ ಬಿದ್ದುಹೋಗುತ್ತೆ. ಅವರು ದಿನಾ ಬಂದು ಕೇಳ್ತಾ ಇದ್ದಾರಲ್ಲ, ಅದಕ್ಕೇ ಹೋಗ್ತಾ ಇಲ್ಲ.”

ಓದುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮೊದಲು ಬಂದು ಕೇಳಿದ್ದು ಅವಳ ಮೊದಲ ತಪ್ಪು. ಬಿಡದೆ ದಿನಾ ಕೇಳಿದ್ದು ಎರಡನೆಯ ತಪ್ಪು. ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೆ ಅವಳ ಹೆಸರು ಎಂದೋ ಸಿಕ್ಕಿರುತ್ತಿತ್ತು! ಒಮ್ಮೆ ಹುಡುಕಿ ಸಿಗದ್ದನ್ನು ನೆನಪಿಡುವುದು ತಪ್ಪೆಂದು ನಾನೂ ಹೇಳುವುದಿಲ್ಲ. ಖಾಲಿ ಡಬ್ಬಿಯನ್ನು ಮತ್ತೆ ಮತ್ತೆ ತೆರೆದು ನೋಡಲು ನನಗೂ ಬಿಡುವಿಲ್ಲ. ಆದರೆ ಡಬ್ಬಿಗೆ ಕಾಳು ತುಂಬಿದ ಮೇಲೂ ಖಾಲಿ ಖಾಲಿ ಎನ್ನುವವರನ್ನು ಯಾವ ಅಡುಗೆಮನೆಯಲ್ಲಿ ಇಟ್ಟುಕೊಳ್ಳುತ್ತಾರೆ? ಹಿಂದಿನ ವರ್ಷವೂ ಇದೇ ಆಗಿರಬೇಕು, ಯಾರಿಗೂ ತಿಳಿದಿರಲಿಲ್ಲ. ಕರೆಂಟು ಹೋದಾಗಲೆಲ್ಲ ಯಂತ್ರ ಎಲ್ಲವನ್ನೂ ಮರೆತು ಹೊಸದಾಗಿ ಹುಡುಕುತ್ತಿತ್ತು. ನಾವು ಶಾಪ ಹಾಕುತ್ತಿದ್ದ ಆ ಹಾಳು ಕರೆಂಟೇ ಜನರನ್ನು ಕಾಯುತ್ತಿತ್ತು. ಪಾಲಾಕ್ಷಪ್ಪ ಕೋಣೆ ತುಂಬ ಬ್ಯಾಟರಿ ಹಾಕಿಸಿ ಆ ಬಾಗಿಲನ್ನೂ ಮುಚ್ಚಿದ್ದ.

“ಈಗ ಏನು ಮಾಡೋದು ಸರ್?”

“ಸುಲಭ. ಕಿಟಕಿ ಯಂತ್ರಾನ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಮರೆತುಬಿಡುತ್ತೆ.”

ಫೋನು ಇಟ್ಟು ಎಂಜಿನಿಯರ್ ಅಂದದ್ದನ್ನೆಲ್ಲ ಪಾಲಾಕ್ಷಪ್ಪನಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

“ಆರಸದಾ? ಮುಂದಿನ ವಾರ ದೊಡ್ಡ ಸಾಹೇಬ್ರು ನೋಡಾಕ ಬರಾಕ ಹತ್ಯಾರ. ಒಂದು ಸಲಾನೂ ಆರಿಲ್ಲ ಅಂತ ಹೇಳಿ ಕರದೀನಿ.”

“ಒಂದು ಗಳಿಗಿ ಸಾಹೇಬ್ರ. ಯಾರಿಗೆ ಗೊತ್ತಾಗತೈತಿ?”

“ನನಗ ಗೊತ್ತಾಗತೈತಲ್ಲ? ಅದೂ ಅಲ್ದ ನಂದಾದೀಪ ಆರಸಿದಂಗ ಆಕತಿ, ಬಿತ್ತಿಗಿ ಹೊತ್ತನಾಗ ಅಪಶಕುನ. ಬೀಜ ಹಂಚದು ಮುಗೀಲಿ. ಆಮ್ಯಾಲ ಆರಸಾಣ.”

ಬೀಜ ಹಂಚುವುದು ಮುಗಿದ ಮೇಲೆ! ಹೊಸ್ತಿಲ ಮೇಲೆ ಕೂತಿದ್ದ ಬೊಮ್ಮಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

“ತಂಗೀ” ಎಂದಳು, “ಅದು ಆರಿದ್ರ ನನ್ನ ಹೆಸರು ಬರತೈತೇನ?”

“ಬರತೈತಕ್ಕಾ.”

ಅವಳು ಎದ್ದಳು. ಮುಂದಿನ ಕೋಣೆಗೆ ಹೋಗಿ, ಕಿಟಕಿಯ ಪಕ್ಕದ ಮರದ ಬಾಗಿಲು ನೂಕಿ ಒಳಗೆ ನಡೆದಳು. ಒಳಗೆ ಹೋಗುವ ಮೊದಲು ಚಪ್ಪಲಿ ಬಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ನಾಗೇಂದ್ರಪ್ಪ “ಏ ಏ ಏ” ಎನ್ನುತ್ತ ಎದ್ದ. ಅವಳು ಅವನನ್ನು ನೋಡಲೂ ಇಲ್ಲ. ಕುಂಕುಮ ಹಚ್ಚಿದ ಯಂತ್ರಕ್ಕೆ ಎರಡೂ ಕೈ ಜೋಡಿಸಿದಳು.

“ನಾವೂ ದೀಪ ಹಚ್ಚಾ ಮಂದೀನ” ಎಂದಳು, ಈಗ ಗಂಟಲು ಹಳೆಯ ಗಂಟಲೇ. “ಮಂದೀಗೆ ದಾರಿ ಕಾಣಲಿ ಅಂತ ದೀಪ ಹಚ್ತಾರ. ಇದು ಕಣ್ಣಾಗ ಹೊಗಿ ಹಾಕತೈತಿ. ಎಲ್ಲೈತಿ ಗುಂಡಿ?”

ಯಾರೂ ಹೇಳಲಿಲ್ಲ. ಅವಳು ಯಂತ್ರದ ಹಿಂದೆ ಬಗ್ಗಿ, ಗೋಡೆಯ ಕಡೆ ಹೋಗಿದ್ದ ಕರೆಂಟಿನ ದಪ್ಪ ತಂತಿಯನ್ನು ಹುಡುಕಿ, ಬದುವಿನ ಮೇಲಿನ ಜಾಲಿಗಿಡ ಕೀಳುವ ಹಾಗೆ ಒಂದೇ ಸಲ ಎಳೆದಳು. ಪರದೆ ಕಪ್ಪಾಯಿತು. ಅಂಗಳದಲ್ಲಿದ್ದವರು ಹಳೆಯ ಅಭ್ಯಾಸದಿಂದ ಒಕ್ಕೊರಲಿನಲ್ಲಿ “ಹೋತು!” ಎಂದು ಕೂಗಿದರು.

ಪಾಲಾಕ್ಷಪ್ಪ ಓಡಿಬಂದ. ಪೊಲೀಸರನ್ನು ಕರೆಸುತ್ತೇನೆಂದ, ಸದಸ್ಯತ್ವ ರದ್ದು ಎಂದ, ಇನ್ನೂ ಏನೇನೋ ಎಂದ. “ಕರಸಪ್ಪಾ. ಇಲ್ಲದಾಕಿನ ಹೆಂಗ ಹಿಡಕಂಡು ಹೋಗತಾರ ನಾನೂ ನೋಡತೀನಿ” ಎಂದಳು. ಸಾಲಿನಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಈ ಸಲ ನಗು ಪಾಲಾಕ್ಷಪ್ಪನ ಮೇಲೆ ಬಿತ್ತು. ನಾನು ಆ ಹೊತ್ತಿನಲ್ಲಿ ತಂತಿ ಸಿಕ್ಕಿಸಿ ಯಂತ್ರ ಎಬ್ಬಿಸಿದೆ.

ಪರದೆ ಬೆಳಗಿತು. “ಒತ್ರಿ ನಾಗೇಂದ್ರಪ್ಪಾರ” ಎಂದೆ.

ನಾಗೇಂದ್ರಪ್ಪ ಕೈ ಕಟ್ಟಿಕೊಂಡು ಕೂತ. “ಏನ ಒತ್ತದು? ಈಕಿದು ಇಲ್ಲ ಅಂತ ನನಗ ಗೊತ್ತೈತಿ. ದಿನಾ ನೋಡೀನಿ. ಮುಂದಿನವ್ರು ಬರ್ರಿ.”

ಯಂತ್ರ ಮರೆತಿತ್ತು, ಮನುಷ್ಯ ಮರೆತಿರಲಿಲ್ಲ. ಇವನ ತಂತಿ ಎಲ್ಲಿದೆ ಎಂದು ಹುಡುಕಿ ಕಿತ್ತುಬಿಡಬೇಕು ಅನ್ನಿಸಿತು ನನಗೆ. ಅವನ ಕೀಲಿಮಣೆಯನ್ನು ನನ್ನ ಕಡೆ ಎಳೆದುಕೊಂಡು ನಾನೇ ನಂಬರು ಒತ್ತಿದೆ. ಚಿಕ್ಕ ಯಂತ್ರ ತಂತಿಯ ಮೂಲಕ ದೊಡ್ಡದನ್ನು ಕೇಳಿತು. ಬೊಮ್ಮಮ್ಮ ಗಂಡ ಪಾಲಯ್ಯ, ಕೋಗಳಿ. ಚೀಟಿ ಕರಕರ ಹೊರಬಂತು.

ಚೀಟಿ ಹರಿದು ಕೊಡಲು ಹೋದರೆ ಬೊಮ್ಮಮ್ಮ ಕೈ ಚಾಚಲಿಲ್ಲ. ನಾಗೇಂದ್ರಪ್ಪನ ಎದುರಿಗೆ ನಿಂತಳು.

“ಎಷ್ಟ ಸಲ ಇಲ್ಲ ಅಂದಿ ನೀನು? ಈಗ ಒಂದ ಸಲ ಐತಿ ಅನ್ನು.”

“ಚೀಟಿ ಬಂದೈತಲ್ಲ, ತಗಂಡು ಹೋಗು.”

“ಅನ್ನು.”

ಹೊರಗೆ ಕೋಗಳಿಯ ಬಸ್ಸು ಹಾರ್ನ್ ಹೊಡೆಯಿತು. “ನಿಂದ್ರಸೋ!” ಎಂದು ಅಲ್ಲಿಂದಲೇ ಒಂದು ಕೂಗು ಹಾಕಿದಳು. ಹಾರ್ನ್ ನಿಂತಿತು. ಸಾಲಿನಲ್ಲಿದ್ದವರೆಲ್ಲ ನಾಗೇಂದ್ರಪ್ಪನನ್ನೇ ನೋಡುತ್ತಿದ್ದರು.

“ಐತಿ” ಎಂದ ಅವನು, ಮೇಜು ನೋಡುತ್ತ.

“ಏನೈತಿ?”

“ಹೆಸರೈತಿ.”

“ಹೆಸರು ಅಲ್ಲಪ್ಪಾ. ದಿನಾ ನಿನ್ನ ಕಣ್ಣ ಮುಂದ ನಿಂತಾಕಿ ನಾನು. ಬೊಮ್ಮಮ್ಮ ಅದಾಳ ಅನ್ನು.”

“ಬೊಮ್ಮಮ್ಮ ಅದಾಳ” ಎಂದ ನಾಗೇಂದ್ರಪ್ಪ. ಅವಳು ಚೀಟಿ ತೆಗೆದುಕೊಂಡಳು. ಗೋದಾಮಿನಲ್ಲಿ ಉಳಿದಿದ್ದ ಚೀಲಗಳಲ್ಲಿ ಒಂದರ ಬಾಯಿ ಬಿಚ್ಚಿಸಿ, ಕಾಳು ಕಡಿದು ನೋಡಿದಳು. ಮೆತ್ತಗಿತ್ತು. ಇನ್ನೊಂದು ಬಿಚ್ಚಿಸಿದಳು, ಅದೂ ಹಾಗೇ. ಒಳ್ಳೆಯ ಚೀಲಗಳು ಮೊದಲೇ ಹೋಗಿದ್ದವು. ಇದ್ದುದರಲ್ಲಿ ಒಂದನ್ನು ಹೊರಿಸಿಕೊಂಡು ಹೋದಳು.

ಸುಲಿದು, ಆರಿಸಿ, ಬಿತ್ತುವ ಹೊತ್ತಿಗೆ ಹದದ ಬಾಲವಷ್ಟೇ ಉಳಿದಿತ್ತು. ಆಮೇಲೆ ನಾನೊಮ್ಮೆ ಕೋಗಳಿಗೆ ಹೋದಾಗ ನೋಡಿದೆ. ಚೌಡಣ್ಣನ ಹೊಲ ಹಸಿರು ಹಾಸಿದಂತಿತ್ತು, ಬದುವಿನ ಈಚೆ ಬೊಮ್ಮಮ್ಮನದು ಅಲ್ಲೊಂದು ಇಲ್ಲೊಂದು ಗಿಡ. ಅವಳು ಆ ಗಿಡಗಳ ನಡುವೆ ಕಳೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು, ಮನೆಗೆ ಕರೆದು ಮಜ್ಜಿಗೆ ಕೊಟ್ಟಳು. ದೂರು ಹೇಳಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ.

ದೊಡ್ಡ ಸಾಹೇಬರು ಬಂದು ಹೋದರು. ಒಂದು ಸಲವೂ ಆರಿಲ್ಲ ಎಂದೇ ಪಾಲಾಕ್ಷಪ್ಪ ಹೇಳಿದ, ನನ್ನ ಕಣ್ಣೆದುರಿಗೇ. ಚಳಿಗಾಲದಲ್ಲಿ ಕಂಪನಿಯಿಂದ ಪ್ರೋಗ್ರಾಂ ತುಂಬಿದ ಹೊಸ ಟೇಪು ಬಂತು, ಎಂಜಿನಿಯರ್ ಬಂದು ಕರ್ನಲ್ ಬದಲಾಯಿಸಿದ. ಇನ್ನು ಮೇಲೆ ಇಲ್ಲ ಅಂದದ್ದನ್ನೂ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತದೆ ಎಂದ. ನಾನು ಹತ್ತಾರು ಸಲ ಪರೀಕ್ಷೆ ಮಾಡಿದೆ, ಹೇಳಿದ್ದು ನಿಜವಾಗಿತ್ತು.

ಮರುವರ್ಷ ಬೀಜ ಹಂಚುವ ಮೊದಲ ದಿನ ನಾನು ಕಿಟಕಿಯ ಕಡೆ ಕಣ್ಣಿಟ್ಟೇ ಇದ್ದೆ. ಬೊಮ್ಮಮ್ಮ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಚೌಡಣ್ಣನನ್ನು ಕೇಳಿದರೆ, “ಅರಾಮ ಅದಾಳಲ್ಲ, ಹೊಲ ಹರಗಾಕ ಹತ್ಯಾಳ” ಎಂದ. ಅವಳ ಪಾಲಿನ ಒಂದು ಚೀಲ ತೆಗೆದಿಡಿ ಎಂದು ಪಾಲಾಕ್ಷಪ್ಪನನ್ನು ಕೇಳಿದೆ, ಬಾರದವರಿಗೆ ತೆಗೆದಿಡುವ ಪದ್ಧತಿ ಇಲ್ಲ ಎಂದ. ಗೋದಾಮು ಗುಡಿಸುವ ದಿನ, ಎಲ್ಲರೂ ಹೋದ ಮೇಲೆ, ಅವಳು ಸಾವಕಾಶವಾಗಿ ನಡೆದು ಬಂದಳು. ನಾಗೇಂದ್ರಪ್ಪ ಅವಳನ್ನು ಕಂಡವನೇ ಎದ್ದು ನಿಂತ. ಈ ಸಲ ಅವನು ನಂಬರು ಒತ್ತಿದ, ಹೆಸರು ಬಂತು, ಎದ್ದು ಗೋದಾಮಿನವರೆಗೂ ತಾನೇ ಹೋಗಿ ನೋಡಿ ಬಂದ.

“ಹೆಸರೈತಿ ಬೊಮ್ಮಮ್ಮಾ” ಎಂದ. “ಬೀಜ ಇಲ್ಲ. ಖರೇನ ಇಲ್ಲ.”

ನಾನು ಓಡಿಹೋಗಿ ಅವಳ ಕೈ ಹಿಡಿದೆ. ಅಳು ಬರುತ್ತಿತ್ತು. “ಯಾಕಕ್ಕಾ ಇಷ್ಟು ತಡ ಮಾಡಿದಿ? ಮದ್ಲ ದಿನ ಯಾಕ ಬರಲಿಲ್ಲ?”

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು, ಗೊತ್ತಿದ್ದೂ ಕೇಳುತ್ತಿದ್ದೀಯಲ್ಲ ಎನ್ನುವ ಹಾಗೆ.

“ಮದ್ಲು ಕೇಳಿದಾಕಿಗೆ ಇಲ್ಲ ಅಂತಾರಲ್ಲವ್ವ” ಎಂದಳು. “ದಿನಾ ಕೇಳಿದ್ರೂ ಅಂತಾರ. ನೀನ ಫೋನಿನ್ಯಾಗ ಕೇಳಿಸಿಕೆಂಡಿಯಲ್ಲ.”